ಮೆಷಿನ್ ಹೇಳಿದ್ದೇ ಲೆಕ್ಕನಾ? ಕಂಪ್ಯೂಟರ್ ನಂಬಿ ಅಂಗಡಿಯವರನ್ನೇ ಜೈಲಿಗೆ ಕಳಿಸಿದ್ರು!

ರಾತ್ರಿ ಅಂಗಡಿ ಬಾಗಿಲು ಹಾಕೋ ಹೊತ್ತು. ಗಲ್ಲಾಪೆಟ್ಟಿಗೆ ದುಡ್ಡು, ಫೋನಿಗೆ ಬಂದ ದುಡ್ಡು ಎರಡನ್ನೂ ಕೂಡಿಸಿದ್ರೆ ಬಿಲ್ ಮೆಷಿನ್ ತೋರಿಸೋ ಮೊತ್ತಕ್ಕೆ ನಾನೂರು ರೂಪಾಯಿ ಕಮ್ಮಿ. ತಪ್ಪು ಯಾರದ್ದು? ನಾವು ಮೊದಲು ಅನುಮಾನ ಪಡೋದು ಅಂಗಡಿ ಹುಡುಗನ ಮೇಲೆ. ಮೆಷಿನ್ ತಪ್ಪು ಮಾಡಲ್ಲ ಅನ್ನೋ ನಂಬಿಕೆ ಅಷ್ಟು ಗಟ್ಟಿ.

ಇದೇ ನಂಬಿಕೆಯಿಂದ ಬ್ರಿಟನ್‌ನಲ್ಲಿ 900ಕ್ಕೂ ಹೆಚ್ಚು ಜನ ಕೋರ್ಟಿನಲ್ಲಿ ಅಪರಾಧಿಗಳಾದರು. ಅವರಲ್ಲಿ ಹೆಚ್ಚಿನವರು ನಿಮ್ಮ ಹಾಗೇ ಸಣ್ಣ ಅಂಗಡಿ ನಡೆಸುತ್ತಿದ್ದವರು. ನಮ್ಮ ತಾಲೂಕಿನ ವ್ಯಾಪಾರಿಗಳು ತಿಳಿದುಕೊಳ್ಳಲೇಬೇಕಾದ ಕಥೆ ಇದು.

ಏನಿದು ‘ಹೊರೈಜನ್’?

ಬ್ರಿಟನ್‌ನ ಸಣ್ಣ ಊರುಗಳಲ್ಲಿ ಎಷ್ಟೋ ಅಂಚೆ ಕಚೇರಿಗಳು ಇರೋದು ಅಂಗಡಿ ಒಳಗೇ. ಒಂದು ಕಡೆ ದಿನಸಿ, ಪೇಪರ್ ವ್ಯಾಪಾರ. ಇನ್ನೊಂದು ಕಡೆ ಸ್ಟ್ಯಾಂಪು, ಪಿಂಚಣಿ ಕೌಂಟರ್. ಇದನ್ನು ನಡೆಸುವ ಸಬ್ ಪೋಸ್ಟ್‌ಮಾಸ್ಟರ್‌ಗಳು ಸಂಬಳದ ನೌಕರರಲ್ಲ, ಗುತ್ತಿಗೆಯವರು. 1999ರಿಂದ ಇವರ ಲೆಕ್ಕವೆಲ್ಲ ‘ಹೊರೈಜನ್’ ಅನ್ನೋ ಸಾಫ್ಟ್‌ವೇರ್‌ಗೆ ಹೋಯ್ತು. ಮಾಡಿಕೊಟ್ಟಿದ್ದು ಜಪಾನಿನ ಫುಜಿತ್ಸು ಒಡೆತನದ ಕಂಪನಿ.

ಆಮೇಲೆ ಶುರುವಾಯ್ತು ಕಾಟ. ಕೈಯಲ್ಲಿರೋ ದುಡ್ಡಿಗಿಂತ ಜಾಸ್ತಿ ಇರಬೇಕು ಅಂತ ಕಂಪ್ಯೂಟರ್ ತೋರಿಸೋದು. ಕಮ್ಮಿ ಬಿದ್ದಿದ್ದನ್ನು ಸಬ್ ಪೋಸ್ಟ್‌ಮಾಸ್ಟರ್ ಜೇಬಿನಿಂದ ಕಟ್ಟಬೇಕು. ಸಹಾಯವಾಣಿಗೆ ಫೋನ್ ಮಾಡಿದ್ರೆ ‘ಈ ಸಮಸ್ಯೆ ನಿಮಗೊಬ್ಬರಿಗೇ’ ಅನ್ನೋ ಉತ್ತರ ಬಂತು ಅಂತ ಹಲವರು ಹೇಳಿದ್ದಾರೆ. ಮನೆ ಅಡವಿಟ್ಟು, ನೆಂಟರ ಹತ್ರ ಸಾಲ ಮಾಡಿ ಕಟ್ಟಿದವರೂ ಇದ್ದಾರೆ. ಕಟ್ಟೋಕಾಗದವರ ಮೇಲೆ ಕಳ್ಳತನ, ಸುಳ್ಳು ಲೆಕ್ಕದ ಕೇಸ್.

ಭಾರತ ಮೂಲದ ಸೀಮಾ ಮಿಶ್ರಾ ಅವರ ಮೇಲೆ ಸುಮಾರು 74 ಸಾವಿರ ಪೌಂಡ್ ಕದ್ದ ಆರೋಪ ಬಂತು. 2010ರಲ್ಲಿ ಅವರಿಗೆ 15 ತಿಂಗಳ ಶಿಕ್ಷೆಯಾಯ್ತು. ಆಗ ಅವರು ಗರ್ಭಿಣಿ. ಶಿಕ್ಷೆ ಕೊಟ್ಟ ದಿನ ಮಗನ ಹತ್ತನೇ ಹುಟ್ಟುಹಬ್ಬ. ಅವರು ಒಂದು ಪೈಸೆಯನ್ನೂ ಕದ್ದಿರಲಿಲ್ಲ.

ತಪ್ಪು ಆಗಿದ್ದು ಹೇಗೆ?

ಒಂದು ಉದಾಹರಣೆ ನೋಡಿ. 2015ರಲ್ಲಿ ಸ್ಕಾಟ್ಲೆಂಡ್‌ನ ಡಾಲ್ಮೆಲಿಂಗ್ಟನ್ ಅಂಚೆ ಕಚೇರಿಯಲ್ಲಿ 8,000 ಪೌಂಡ್ ಜಮಾ ಮಾಡುವಾಗ ಸ್ಕ್ರೀನ್ ಅಲ್ಲೇ ನಿಂತುಬಿಡ್ತು. ಮತ್ತೆ ಮತ್ತೆ ಎಂಟರ್ ಒತ್ತಿದರು. ಒತ್ತಿದ್ದಕ್ಕೆಲ್ಲ ಒಂದೊಂದು ಹೊಸ ಜಮಾ! 8,000 ಪೌಂಡ್ ನಾಲ್ಕು ಸಲ ದಾಖಲಾಗಿ 32,000 ಆಯ್ತು. ಕೈಯಲ್ಲಿರೋದು 8,000 ಮಾತ್ರ. ಇಲ್ಲದ 24,000 ಪೌಂಡ್ ‘ಕೊರತೆ’ ಹುಟ್ಟಿಕೊಂಡಿತು. ಸ್ಕ್ರೀನ್ ಸ್ಟ್ರಕ್ ಆದಾಗ ನಾವೆಲ್ಲ ಮಾಡೋದೂ ಇದೇ ಅಲ್ವಾ?

ಇದು ಬರೀ ಮೆಷಿನ್ ತಪ್ಪು ಅಂದುಕೊಳ್ಳಬೇಡಿ. ಸಾಫ್ಟ್‌ವೇರ್ ತಯಾರಾಗುವಾಗ ಆ ತಂಡದಲ್ಲಿದ್ದ ಎಂಜಿನಿಯರ್ ಒಬ್ಬರು, ಎಂಟು ಜನರಲ್ಲಿ ಚೆನ್ನಾಗಿ ಕೆಲಸ ಗೊತ್ತಿದ್ದವರು ಇಬ್ಬರೇ ಅಂತ ವಿಚಾರಣಾ ಆಯೋಗದ ಮುಂದೆ ಹೇಳಿದ್ದಾರೆ. ಹಣದ ಲೆಕ್ಕದ ಭಾಗವನ್ನು ಹೊಸದಾಗಿ ಬರೀಬೇಕು ಅನ್ನೋ ಸಲಹೆ ಒಳಗಿನಿಂದಲೇ ಬಂದಿತ್ತು, ಅದು ಆಗಲಿಲ್ಲ. ಕಂಪನಿಯವರು ದೂರದಿಂದಲೇ ಶಾಖೆಯ ಲೆಕ್ಕ ತಿದ್ದಬಹುದಿತ್ತು. ಆದರೆ ಅಂಚೆ ಸಂಸ್ಥೆ ವರ್ಷಗಟ್ಟಲೆ ‘ಹಾಗೆಲ್ಲ ಆಗಲ್ಲ’ ಅಂತಲೇ ಹೇಳ್ತು. ತಪ್ಪು ಒಪ್ಪಿಕೊಂಡರೆ ಕಂಪನಿ ಹೆಸರು ಹಾಳು, ಅಂಗಡಿಯವರ ತಲೆಗೆ ಕಟ್ಟಿದರೆ ಖರ್ಚಿಲ್ಲ. ಜೊತೆಗೆ, ಬೇರೆ ಸಾಕ್ಷಿ ಇಲ್ಲದಿದ್ರೆ ಕಂಪ್ಯೂಟರ್ ಸರಿಯಾಗೇ ಇದೆ ಅಂತ ಅಲ್ಲಿನ ಕೋರ್ಟ್ ಊಹಿಸಿಕೊಳ್ಳುತ್ತಿತ್ತು. ಒಳಗೆ ನೋಡೋಕೆ ಅವಕಾಶವೇ ಇಲ್ಲದ ಅಂಗಡಿಯವರು ಸಾಕ್ಷಿ ತರೋದಾದರೂ ಎಲ್ಲಿಂದ?

ಕೊನೆಗೆ ಗೆದ್ದಿದ್ದು ಹೇಗೆ?

ಅಲನ್ ಬೇಟ್ಸ್ ಅನ್ನೋರು ತಮ್ಮ ಕೊರತೆ ಲೆಕ್ಕ ಒಪ್ಪದೆ ಪತ್ರದ ಮೇಲೆ ಪತ್ರ ಬರೆದರು. 2003ರಲ್ಲಿ ಅವರ ಗುತ್ತಿಗೆ ಹೋಯ್ತು. 2009ರಲ್ಲಿ ನೊಂದವರು ಒಂದು ಹಳ್ಳಿಯ ಸಭಾಭವನದಲ್ಲಿ ಸೇರಿದಾಗ, ‘ನಿಮಗೊಬ್ಬರಿಗೇ’ ಅನ್ನೋ ಸುಳ್ಳು ಬಯಲಾಯ್ತು. 555 ಜನ ಸೇರಿ ಹೂಡಿದ ಮೊಕದ್ದಮೆಯಲ್ಲಿ 2019ರಲ್ಲಿ ಲಂಡನ್ ಹೈಕೋರ್ಟ್, ಹೊರೈಜನ್‌ನಲ್ಲಿ ದೋಷ ಇತ್ತು ಅಂತ ತೀರ್ಪು ಕೊಟ್ಟಿತು. 2021ರಲ್ಲಿ ಸೀಮಾ ಸೇರಿ 39 ಜನರ ಶಿಕ್ಷೆ ರದ್ದಾಯ್ತು. 2024ರಲ್ಲಿ ಉಳಿದವರಿಗಾಗಿ ಸಂಸತ್ತು ಕಾನೂನನ್ನೇ ತಂದಿತು. ಆದರೆ ಈ ಹಗರಣದಿಂದ ಕನಿಷ್ಠ 13 ಮಂದಿ ಜೀವ ಕಳೆದುಕೊಂಡಿರಬಹುದು ಅಂತ ವಿಚಾರಣಾ ವರದಿ ಹೇಳುತ್ತೆ. ಅವರು ವಾಪಸ್ ಬರಲ್ಲ.

ನಾವೇನು ಮಾಡಬೇಕು?

* ಸ್ಕ್ರೀನ್ ನಿಂತುಹೋದ್ರೆ ಮತ್ತೆ ಒತ್ತೋಕೆ ಮುಂಚೆ ಹಿಂದಿನ ವ್ಯವಹಾರ ಆಗಿದೆಯಾ ನೋಡಿ.

* ಸೌಂಡ್ ಬಾಕ್ಸ್ ಕೂಗಿದ್ದು, ಗಿರಾಕಿ ತೋರಿಸಿದ ಸ್ಕ್ರೀನ್‌ಶಾಟ್ ಕೊನೆ ಮಾತಲ್ಲ. ನಿಮ್ಮ ಬ್ಯಾಂಕ್ ಖಾತೆ ನೋಡಿ.

* ಗಿರಾಕಿ ಖಾತೆಯಿಂದ ಯುಪಿಐ ದುಡ್ಡು ಕಟ್ ಆಗಿ ನಿಮಗೆ ಬರದಿದ್ರೆ ಜಗಳ ಬೇಡ. ಐದು ದಿನದೊಳಗೆ ಅವರ ಖಾತೆಗೆ ವಾಪಸ್ ಹೋಗಬೇಕು. ತಡವಾದ್ರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದು ರಿಸರ್ವ್ ಬ್ಯಾಂಕ್ ನಿಯಮ.

* ದೂರು ಕೊಟ್ಟಾಗ ದೂರಿನ ನಂಬರ್, ದಿನಾಂಕ ಬರೆದಿಡಿ. ಬ್ಯಾಂಕ್ 30 ದಿನದಲ್ಲಿ ಪರಿಹರಿಸದಿದ್ರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಹೋಗಬಹುದು. ಮಾಹಿತಿಗೆ 14448.

* ಹಳೇ ಕಾಲದ್ದು ಅಂತ ಕೈಲೆಕ್ಕದ ಪುಸ್ತಕ ಬಿಡಬೇಡಿ. ನಾಳೆ ಮೆಷಿನ್ ಒಂದು ಹೇಳಿ ನೀವು ಇನ್ನೊಂದು ಹೇಳಿದ್ರೆ, ನಿಮ್ಮ ಪರ ನಿಲ್ಲೋದು ಅದೇ.

ಕೊನೇದಾಗಿ, ಲೆಕ್ಕ ತಾಳೆ ಆಗದಿದ್ದಾಗ ಹುಡುಗನನ್ನ ಬೈಯೋಕೆ ಮುಂಚೆ ಪಕ್ಕದ ಅಂಗಡಿಯವರನ್ನ ಒಂದು ಮಾತು ಕೇಳಿ: ‘ಅಣ್ಣಾ, ನಿಮ್ಮಲ್ಲೂ ಹೀಗಾಗಿದೆಯಾ?’ ಬ್ರಿಟನ್‌ನವರಿಗೆ ಈ ಒಂದು ಪ್ರಶ್ನೆ ಕೇಳಿಕೊಳ್ಳೋಕೆ ಹತ್ತು ವರ್ಷ ಹಿಡೀತು.