ಜನಗಣತಿಯಲ್ಲಿ ಮನೆಯಿಲ್ಲದ ಧರ್ಮ

ನಮ್ಮ ದೇಶದಲ್ಲಿ ಜೈನರು ಹೆಚ್ಚೋ, ಸರನಾ ಧರ್ಮದವರು ಹೆಚ್ಚೋ? ಸರನಾ ಎಂಬ ಹೆಸರನ್ನೇ ಕೇಳದವರು ನಮ್ಮಲ್ಲಿ ಬಹಳ ಮಂದಿ. ಆದರೆ 2011ರ ಜನಗಣತಿಯಂತೆ ಜೈನರು ಸುಮಾರು 44.5 ಲಕ್ಷ, ಸರನಾ ಎಂದು ಬರೆಸಿದವರು 49.5 ಲಕ್ಷಕ್ಕೂ ಅಧಿಕ!

ಸರನಾ ಎಂದರೆ ಸಾಲವೃಕ್ಷಗಳ ಪವಿತ್ರ ತೋಪು. ನಮ್ಮ ಕೊಡಗಿನ ದೇವರಕಾಡು ಇದ್ದಂತೆ. ಜಾರ್ಖಂಡ್ ಹಾಗೂ ಸುತ್ತಲಿನ ರಾಜ್ಯಗಳ ಮುಂಡಾ, ಒರಾಂವ್, ಹೋ ಮೊದಲಾದ ಆದಿವಾಸಿಗಳಿಗೆ ಅದೇ ಪೂಜಾಸ್ಥಳ. ವಸಂತದಲ್ಲಿ ಸಾಲವೃಕ್ಷ ಹೂಬಿಟ್ಟಾಗ ಅವರಿಗೆ ಸರ್ಹುಲ್ ಹಬ್ಬ.

2011ರ ಗಣತಿ ನಮೂನೆಯಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ, ಸಿಖ್, ಬೌದ್ಧ, ಜೈನ ಈ ಆರಕ್ಕೆ ಮಾತ್ರ ಸಂಕೇತ ಸಂಖ್ಯೆಯಿತ್ತು. ಬೇರೆ ಧರ್ಮವಾದರೆ ಗಣತಿದಾರರು ಅದರ ಹೆಸರನ್ನಷ್ಟೇ ಬರೆದುಕೊಳ್ಳಬೇಕಿತ್ತು. ಹೀಗೆ ಸುಮಾರು 79 ಲಕ್ಷ ಮಂದಿ 'ಇತರ ಧರ್ಮಗಳು' ಎಂಬ ಒಂದೇ ಸಾಲಿಗೆ ಸೇರಿದರು. ಸರನಾದವರೂ ಅಲ್ಲಿಯೇ.

ಜರಡಿಯಲ್ಲಿ ಏನು ಉಳಿಯುತ್ತದೆ ಎಂಬುದು ಅದರ ಕಣ್ಣಿನ ಅಳತೆಯನ್ನು ಅವಲಂಬಿಸಿದೆ. ಗಣತಿಯೂ ಹಾಗೆಯೇ. ಜಾರ್ಖಂಡ್‌ನ 86 ಲಕ್ಷ ಪರಿಶಿಷ್ಟ ಪಂಗಡದವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ. ಆ ರಾಜ್ಯದಲ್ಲಿ ಸರನಾ ಎಂದು ಬರೆಸಿದವರು 41 ಲಕ್ಷ. ಏಳನೆಯ ಸಂಖ್ಯೆಯೊಂದು ಇದ್ದಿದ್ದರೆ ಈ ಲೆಕ್ಕ ಬದಲಾಗುತ್ತಿತ್ತೇ? ಅಂಕಿಗಳು ಅದನ್ನು ಹೇಳಲಾರವು.

ಆದಿವಾಸಿಗಳೂ ಹಿಂದೂಗಳೇ ಎಂದು ವಾದಿಸುವವರಿದ್ದಾರೆ. ಇತ್ತ 2020ರ ನವೆಂಬರ್‌ನಲ್ಲಿ ಜಾರ್ಖಂಡ್ ವಿಧಾನಸಭೆಯು ಸರನಾಕ್ಕೆ ಪ್ರತ್ಯೇಕ ಸಂಕೇತ ಬೇಕೆಂದು ನಿರ್ಣಯ ಅಂಗೀಕರಿಸಿತು. ಯಾರ ವಾದ ಸರಿ ಎಂಬುದನ್ನು ಸ್ವತಃ ಆ ಜನರೇ ಹೇಳಬೇಕು. ಹೇಳಲು ನಮೂನೆಯಲ್ಲಿ ಅವರಿಗೊಂದು ಜಾಗವಿರಬೇಕಷ್ಟೆ.