ಫಾರ್ಮ್ಯಾಟ್ ಮಾಡೋ ಮುಂಚೆ ಒಮ್ಮೆ ನಾಡಿ ಹಿಡಿದು ನೋಡಿ

ಹಬ್ಬಕ್ಕೆ ಊರಿಗೆ ಹೋದಾಗಲೆಲ್ಲ ನನಗೆ ಒಂದು ಕೆಲಸ ಕಾದೇ ಇರುತ್ತೆ: ಅಪ್ಪನ ಲ್ಯಾಪ್‌ಟಾಪ್ ರಿಪೇರಿ. ಮಗ ಸಾಫ್ಟ್‌ವೇರ್ ಎಂಜಿನಿಯರ್ ಅಂದ್ಮೇಲೆ ಪ್ರಿಂಟರ್‌ನಿಂದ ಟಿವಿ ರಿಮೋಟ್‌ವರೆಗೂ ಅವನೇ ಡಾಕ್ಟರ್! ಕಳೆದ ಗೌರಿ ಹಬ್ಬಕ್ಕೆ ಹೋದಾಗ ಅಪ್ಪ, "ಆನ್ ಮಾಡಿ ಕಾಫಿ ಕುಡಿದು ಬಂದ್ರೂ ಇನ್ನೂ ಸುತ್ತುತ್ತಾನೇ ಇರುತ್ತೆ ಕಣೋ" ಅಂದ್ರು. ಅಂಗಡಿಯವರು ಫಾರ್ಮ್ಯಾಟ್ ಮಾಡಿದ್ರೆ ಸರಿಹೋಗುತ್ತೆ ಅಂದಿದ್ರಂತೆ. ನಾನೂ ಪೆನ್‌ಡ್ರೈವ್‌ನಲ್ಲಿ ವಿಂಡೋಸ್ ಹಾಕ್ಕೊಂಡೇ ಹೋಗಿದ್ದೆ.

"ಅಜ್ಜಿ ಹಾಡಿದ್ದೆಲ್ಲ ಇದರಲ್ಲೇ ಇದೆ, ನೋಡ್ಕೊಂಡು ಮಾಡು" ಅಂದ್ರು ಅಮ್ಮ.

ಅಜ್ಜಿ ತೀರಿಕೊಂಡು ಮೂರು ವರ್ಷ. ಅವರ ಸೋಬಾನೆ ಪದಗಳ ರೆಕಾರ್ಡಿಂಗ್ ಇದ್ದದ್ದು ಆ ಲ್ಯಾಪ್‌ಟಾಪ್‌ನಲ್ಲಿ ಮಾತ್ರ. ನನ್ನ ಕೈ ತಡೆಯಿತು. ಫಾರ್ಮ್ಯಾಟ್ ಬಿಟ್ಟು ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದೆ.

ಐದು ನಿಮಿಷದ ಚೆಕಪ್

ಇದು ಜಪಾನಿನ ಡೆವಲಪರ್ ಒಬ್ಬರು ಬರೆದ, ವಿಂಡೋಸ್‌ಗೆ ಮಾತ್ರ ಇರುವ ಉಚಿತ ಟೂಲ್. ಕೆಲವೇ ಎಂಬಿ ಗಾತ್ರ. ಜಿಪ್ ಆವೃತ್ತಿಗೆ ಇನ್‌ಸ್ಟಾಲ್ ಕೂಡ ಬೇಡ, ಪೆನ್‌ಡ್ರೈವ್‌ನಿಂದಲೇ ಓಡುತ್ತೆ. ಹಾರ್ಡ್ ಡಿಸ್ಕ್ ಮತ್ತು ಎಸ್‌ಎಸ್‌ಡಿಗಳು ತಮ್ಮ ಆರೋಗ್ಯದ ಲೆಕ್ಕವನ್ನು ತಾವೇ ಬರೆದಿಟ್ಟುಕೊಳ್ಳುತ್ತವೆ. ಆ ಲೆಕ್ಕಕ್ಕೆ 'ಸ್ಮಾರ್ಟ್' ಅಂತ ಹೆಸರು. ಈ ಟೂಲ್ ಅದನ್ನು ಓದಿ ತೋರಿಸುತ್ತೆ, ಅಷ್ಟೇ. ನೀಲಿ ಅಂದ್ರೆ ಚೆನ್ನಾಗಿದೆ, ಹಳದಿ ಅಂದ್ರೆ ಎಚ್ಚರ, ಕೆಂಪು ಅಂದ್ರೆ ಕೆಟ್ಟಿದೆ.

ಅಪ್ಪನದು ಹಳದಿ.

ಹಾರ್ಡ್ ಡಿಸ್ಕ್ ಆದರೆ ಪಟ್ಟಿಯಲ್ಲಿ ಮೂರು ಸಾಲು ನೋಡಿ. 05 ಅಂದ್ರೆ ಕೆಟ್ಟ ಜಾಗಕ್ಕೆ ಬದಲಿ ಕೊಟ್ಟ ಲೆಕ್ಕ. ಸಿ5 ಅಂದ್ರೆ ಓದಲು ತೊಂದರೆಯಾಗಿ ತೀರ್ಮಾನಕ್ಕೆ ಕಾದಿರುವ ಸೆಕ್ಟರ್‌ಗಳು. ಸಿ6 ಅಂದ್ರೆ ಸರಿಪಡಿಸಲಾಗದವು. ಮೂರೂ ಸೊನ್ನೆ ಇದ್ದರೆ ಒಳ್ಳೆಯದು. ನಮ್ಮ ಸಿ5 ಸಾಲಿನ ಕೊನೆಯಲ್ಲಿ 18 ಇತ್ತು. ಅದು ಹೆಕ್ಸಾಡೆಸಿಮಲ್ ಅಂಕಿ, ನಮ್ಮ ಲೆಕ್ಕದಲ್ಲಿ 24. ಎಸ್‌ಎಸ್‌ಡಿ ಆದರೆ ಇನ್ನೂ ಸುಲಭ, ಎಷ್ಟು ಆಯುಷ್ಯ ಉಳಿದಿದೆ ಅಂತ ಸಾಮಾನ್ಯವಾಗಿ ಶೇಕಡಾವಾರು ತೋರಿಸುತ್ತೆ.

ಹಳದಿ ಕಂಡರೆ?

ಮೊದಲು ಕಾಪಿ, ಮಿಕ್ಕಿದ್ದೆಲ್ಲ ಆಮೇಲೆ. ಡಿಫ್ರಾಗ್, ಸ್ಕ್ಯಾನ್, ಫಾರ್ಮ್ಯಾಟ್ ಅಂತ ಸೋತ ಡಿಸ್ಕನ್ನು ಇನ್ನಷ್ಟು ಓಡಿಸಬೇಡಿ. ತುಂಬಾ ಮುಖ್ಯವಾದದ್ದನ್ನೇ ಮೊದಲು ಎತ್ತಿಕೊಳ್ಳಿ. ನಾನು ಅಜ್ಜಿಯ ಫೋಲ್ಡರ್‌ನಿಂದ ಶುರು ಮಾಡಿದೆ. 41 ಹಾಡುಗಳಲ್ಲಿ 39 ಬಂದವು. ಎರಡು ಅರ್ಧಕ್ಕೇ ನಿಂತವು, ಎಷ್ಟು ಸಲ ಪ್ರಯತ್ನಿಸಿದರೂ ಬರಲಿಲ್ಲ. ಮರುದಿನ ಹೊಸ ಎಸ್‌ಎಸ್‌ಡಿ ಹಾಕಿಸಿದೆವು.

ನೀಲಿ ಇದೆ ಅಂತ ನಿಶ್ಚಿಂತೆಯೂ ಬೇಡ. ಸಾವಿರಾರು ಡಿಸ್ಕ್ ನಡೆಸುವ ಬ್ಯಾಕ್‌ಬ್ಲೇಜ್ ಕಂಪನಿ 2016ರಲ್ಲಿ ಹೇಳಿದ ಪ್ರಕಾರ, ತನ್ನಲ್ಲಿ ಕೆಟ್ಟ ಡಿಸ್ಕ್‌ಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದು, ತಾನು ಗಮನಿಸುವ ಐದು ಸ್ಮಾರ್ಟ್ ಅಂಕಿಗಳಲ್ಲಿ ಯಾವ ಸೂಚನೆಯನ್ನೂ ಕೊಟ್ಟಿರಲಿಲ್ಲ. ಹಾಗಾಗಿ ಚೆಕಪ್ ಬೇರೆ, ಬ್ಯಾಕಪ್ ಬೇರೆ. ಎರಡೂ ಬೇಕು.

ಆಫೀಸಿನಲ್ಲಿ ಸರ್ವರ್ ಸ್ವಲ್ಪ ಕೆಮ್ಮಿದರೂ ಫೋನಿಗೆ ಅಲರ್ಟ್ ಬರೋ ಹಾಗೆ ಮಾಡಿಟ್ಟಿರೋನು ನಾನು. ಮನೆಯ ಆ ಒಂದು ಡಿಸ್ಕ್ ಕಡೆ ಮಾತ್ರ ಮೂರು ವರ್ಷ ತಿರುಗಿ ನೋಡಿರಲಿಲ್ಲ. ಬರದೇ ಹೋದ ಎರಡು ಹಾಡು ಯಾವುವು ಅಂತ ಅಮ್ಮ ಕೇಳಿದಾಗ ಫೈಲ್ ಹೆಸರು ಓದಿ ಹೇಳಿದೆ. ಒಂದರ ಪಲ್ಲವಿ ಅಮ್ಮನಿಗೆ ನೆನಪಿತ್ತು. ಅದನ್ನು ಅವರ ದನಿಯಲ್ಲೇ ರೆಕಾರ್ಡ್ ಮಾಡಿಕೊಂಡೆ.

ಈ ಸಲ ಮೂರು ಕಡೆ ಕಾಪಿ ಇದೆ.