ಮಗನ ಲೈಸೆನ್ಸು, ಅಪ್ಪನ ಕಾರು

ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ ಪ್ರವಾಸ ಕಥನಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹೇಮಾವತಿ ದಂಡೆಯ ಊರಿನವರು ಅಮೆರಿಕ ನೋಡಿಬರುವುದು ಆಗ ಪುಸ್ತಕ ಬರೆಯುವಷ್ಟು ದೊಡ್ಡ ಸಂಗತಿ. ಈಗ ಹಾಸನ, ಹೊಳೆನರಸೀಪುರ, ಅರಕಲಗೂಡು ಕಡೆಯ ಎಷ್ಟೋ ಮನೆಗಳ ಮಕ್ಕಳು ಅಲ್ಲಿಯೇ ನೆಲೆಸಿದ್ದಾರೆ. ರಜೆಗೆ ಬಂದವರು ಗೊರೂರು ಅಣೆಕಟ್ಟು ನೋಡಿಬರಲು ಅಪ್ಪನ ಕಾರಿನ ಕೀಲಿಕೈ ಕೇಳುತ್ತಾರೆ. ಜೇಬಿನಲ್ಲಿರುವುದು ಅಮೆರಿಕದ ಲೈಸೆನ್ಸು. ಅದು ಇಲ್ಲಿ ನಡೆಯುತ್ತದೆಯೇ?

ಅದೊಂದೇ ಸಾಲದು. 1949ರಲ್ಲಿ ಜಿನೀವಾದಲ್ಲಿ ರಸ್ತೆ ಸಂಚಾರದ ಬಗ್ಗೆ ಒಂದು ಒಪ್ಪಂದವಾಯಿತು. ಭಾರತವೂ ಅಮೆರಿಕವೂ ಅದಕ್ಕೆ ಸೇರಿವೆ. ಒಂದು ದೇಶದಲ್ಲಿ ಪರೀಕ್ಷೆ ಕೊಟ್ಟು ಲೈಸೆನ್ಸು ಪಡೆದ ಪ್ರವಾಸಿಯನ್ನು ಇನ್ನೊಂದು ದೇಶ ಮತ್ತೆ ಪರೀಕ್ಷಿಸದೆ ವಾಹನ ನಡೆಸಲು ಬಿಡಬೇಕೆಂಬುದು ಅದರ ಸಾರ. ಆದರೆ ಮೂಲ ಲೈಸೆನ್ಸಿನ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ರಹದಾರಿಯನ್ನೂ ಕೇಳುವ ಹಕ್ಕು ಆ ದೇಶಕ್ಕಿದೆ. ಭಾರತದಲ್ಲಿ ಈ ರಹದಾರಿ ಬೇಕು.

ಜನ ಇದನ್ನು ‘ಇಂಟರ್‌ನ್ಯಾಷನಲ್ ಲೈಸೆನ್ಸ್’ ಎನ್ನುತ್ತಾರೆ. ಹೆಸರು ದೊಡ್ಡದು, ವಸ್ತು ಚಿಕ್ಕದು. ಅದಕ್ಕೆ ಪರೀಕ್ಷೆಯಿಲ್ಲ. ಮೂಲ ಲೈಸೆನ್ಸಿನಲ್ಲಿರುವುದನ್ನು ಹಲವು ಭಾಷೆಗಳಲ್ಲಿ ಹೇಳುವ ಪುಸ್ತಿಕೆ ಅದು. ಒಂದು ವರ್ಷ ಬಾಳುತ್ತದೆ. ಮೂಲ ಲೈಸೆನ್ಸು ಕೈಯಲ್ಲಿಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ. ಲೈಸೆನ್ಸು ಕೊಟ್ಟ ದೇಶವೇ ಅದನ್ನೂ ಕೊಡಬೇಕು. ಅಮೆರಿಕದಲ್ಲಿ ಅಮೆರಿಕನ್ ಆಟೊಮೊಬೈಲ್ ಅಸೋಸಿಯೇಷನ್ ಕೊಡುತ್ತದೆ, ನಮ್ಮಲ್ಲಿ ಆರ್.ಟಿ.ಓ. ಕಚೇರಿ. ಆದ್ದರಿಂದ ಮರೆತು ವಿಮಾನ ಹತ್ತಿದವರಿಗೆ ಹಾಸನದ ಆರ್.ಟಿ.ಓ. ಕಚೇರಿಯಲ್ಲಿ ಅದು ಸಿಗದು.

ಎಲ್ಲ ದೇಶಗಳೂ ಇಷ್ಟು ಬಿಗಿಯಲ್ಲ. ಮಗನ ಮನೆಗೆಂದು ಕ್ಯಾಲಿಫೋರ್ನಿಯಕ್ಕೆ ಹೋದ ಅಪ್ಪ ಅಲ್ಲಿ ಭಾರತದ ಲೈಸೆನ್ಸಿನಲ್ಲೇ ಕಾರು ನಡೆಸಬಹುದು. ಅಲ್ಲಿ ನೆಲೆಸಿದವರು ಮಾತ್ರ 10 ದಿನಗಳೊಳಗೆ ಅಲ್ಲಿನದಕ್ಕೆ ಅರ್ಜಿ ಹಾಕಬೇಕು. ಬ್ರಿಟನ್ನಿನಲ್ಲಿ ಪ್ರವಾಸಿಗೆ 12 ತಿಂಗಳ ಅವಕಾಶ. ಚೀನಾ ಒಪ್ಪಂದಕ್ಕೇ ಸೇರಿಲ್ಲ, ಅಲ್ಲಿ ರಹದಾರಿಯೂ ನಡೆಯದು.

ಇನ್ನು ಅಪ್ಪನ ವಿಷಯ. ಪೊಲೀಸರು ಹಿಡಿದರೆ ದಂಡ ಕಟ್ಟಿ ಬರಬಹುದೆಂಬ ಧೈರ್ಯ ಹಲವರಿಗಿದೆ. 2019ರ ತಿದ್ದುಪಡಿಯ ನಂತರ ಲೈಸೆನ್ಸಿಲ್ಲದೆ ನಡೆಸಿದವನಿಗೆ 5000 ರೂಪಾಯಿ, ಕೊಟ್ಟ ಮಾಲೀಕನಿಗೂ 5000 ರೂಪಾಯಿ ದಂಡವುಂಟು. ನಿಜವಾದ ಹೊಡೆತ ಬೀಳುವುದು ಅಪಘಾತವಾದಾಗ. ಚಾಲಕನಿಗೆ ಸರಿಯಾದ ಲೈಸೆನ್ಸಿಲ್ಲವೆಂದು ವಿಮಾ ಕಂಪನಿ ವಾದಿಸಬಹುದು. ಗಾಯಗೊಂಡವರಿಗೆ ಕಂಪನಿ ಮೊದಲು ಪರಿಹಾರ ಕೊಟ್ಟು, ಆಮೇಲೆ ವಾಹನದ ಮಾಲೀಕನಿಂದ ವಸೂಲು ಮಾಡುವ ದಾರಿಯನ್ನು ಸುಪ್ರೀಂ ಕೋರ್ಟ್ 2004ರ ತೀರ್ಪಿನಲ್ಲಿ ಎತ್ತಿಹಿಡಿದಿದೆ. ಮಾಲೀಕ ಯಾರು? ಊರಿನಲ್ಲಿ ಪಿಂಚಣಿ ತೆಗೆದುಕೊಳ್ಳುತ್ತಿರುವ ಅಪ್ಪ. ಮಗ ಅಷ್ಟರಲ್ಲಿ ವಿಮಾನ ಹತ್ತಿರುತ್ತಾನೆ.

‘ನನ್ನ ಹಳೇ ಕೆ.ಎ. 13 ಲೈಸೆನ್ಸು ಬೀರುವಿನಲ್ಲಿದೆಯಲ್ಲ’ ಎನ್ನುವವರೂ ಉಂಟು. ಅದರ ಅವಧಿ ಮುಗಿದು ಒಂದು ವರ್ಷ ದಾಟಿದ್ದರೆ ಅರ್ಜಿ, ಶುಲ್ಕಗಳಿಂದಷ್ಟೇ ನವೀಕರಣವಾಗದು. ಮತ್ತೆ ಚಾಲನಾ ಪರೀಕ್ಷೆ ಕೊಡಬೇಕು. ಬಲಗಡೆ ಓಡಿಸಿ, ಗೇರಿಲ್ಲದ ಕಾರಿಗೆ ಒಗ್ಗಿದವರು ಆ ಪರೀಕ್ಷೆಗೆ ಮುಂಚೆ ನಾಲ್ಕು ದಿನ ಕ್ಲಚ್ಚು ತುಳಿದು ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು.